ಇ-ಪಾಠಗಳು: ಚಿತ್ರ ಸ್ಪಷ್ಟವಾಗಿರಲಿ, ಪಾಠ ಹಂಚಿಕೆಯಾಗಲಿ

(ಸಂಘದ ವಾರ್ಷಿಕ ಸಮಾವೇಶದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಶಿಕ್ಷಣದಲ್ಲಿ ತಂತ್ರಜ್ಞಾನದ ಪಾತ್ರ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದರು. ಆ ವಿಷಯದ ಮೇಲೆ ನೀವು ಈಗಾಗಲೇ ಹತ್ತಾರು ಭಾಷಣ ಕೇಳಿರುತ್ತೀರಿ. ಜಗತ್ತು ಬೆರಳ ತುದಿಗೆ ಬಂದಿದೆ ಎಂದು ನಾನೂ ಇನ್ನೊಮ್ಮೆ ಹೇಳಿ ಕುಳಿತರೆ ಯಾರಿಗೂ ನಷ್ಟವಿಲ್ಲ, ಯಾರಿಗೂ ಲಾಭವೂ ಇಲ್ಲ. ಹಾಗಾಗಿ ಅಧ್ಯಕ್ಷರ ಅನುಮತಿ ಪಡೆದು ವಿಷಯವನ್ನು ಬಹಳ ಚಿಕ್ಕದು ಮಾಡಿಕೊಂಡಿದ್ದೇನೆ. ನಾವು ಕಂಪ್ಯೂಟರಿನಲ್ಲಿ ತಯಾರಿಸುವ ಪಾಠಗಳಲ್ಲಿ ಚಿತ್ರಗಳು ಯಾಕೆ ಮಸುಕಾಗುತ್ತವೆ? ತಯಾರಿಸಿದ ಪಾಠವನ್ನು ಇನ್ನೊಬ್ಬರಿಗೆ ಕೊಟ್ಟಾಗ ಅದು ಯಾಕೆ ತೆರೆಯುವುದಿಲ್ಲ? ಈ ಎರಡೇ ಪ್ರಶ್ನೆಗಳು. ಇದೆಂಥ ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು, ಒಬ್ಬಳು ವಿದ್ಯಾರ್ಥಿನಿ ನನ್ನ ಕಣ್ಣು ತೆರೆಸುವವರೆಗೆ.

2020ರ ಲಾಕ್‌ಡೌನ್ ದಿನಗಳು ನಿಮಗೆ ನೆನಪಿರಬಹುದು. ಶಾಲೆ ಮುಚ್ಚಿತ್ತು. ಹತ್ತನೇ ತರಗತಿಯ ವಿಜ್ಞಾನದ ‘ಜೀವಕ್ರಿಯೆಗಳು’ ಅಧ್ಯಾಯಕ್ಕೆ ನಾನೊಂದು ಇ-ಪಾಠ ತಯಾರಿಸಿದೆ. ಹೃದಯದ ಚಿತ್ರ, ಅದಕ್ಕೆ ಬಾಣದ ಗುರುತುಗಳು, ಪ್ರತಿ ಭಾಗದ ಹೆಸರು, ಕೊನೆಗೆ ಪ್ರಶ್ನೆಗಳು. ರಾತ್ರಿ ಹನ್ನೆರಡರವರೆಗೆ ಕುಳಿತು ಮಾಡಿದ್ದೆ. ಮಕ್ಕಳಿಗೆ ಕಳಿಸಿದೆ. ಸಹೋದ್ಯೋಗಿಗಳು ಚೆನ್ನಾಗಿದೆ ಎಂದರು. 2021ರ ಜನವರಿಯಲ್ಲಿ ಹತ್ತನೇ ತರಗತಿ ಮತ್ತೆ ಆರಂಭವಾದಾಗ ಒಂದು ಕಿರುಪರೀಕ್ಷೆ ಇಟ್ಟೆ. ಘಟ್ಟದ ಬುಡದ ಹಳ್ಳಿಯಿಂದ ಬರುವ ಒಬ್ಬಳು ಹುಡುಗಿ ಅಪಧಮನಿಯನ್ನು ‘ಅಪದಮನಿ’ ಎಂದೂ, ಅಭಿಧಮನಿಯನ್ನು ‘ಅಬಿದಮನಿ’ ಎಂದೂ ಬರೆದಿದ್ದಳು. ಎರಡು ಭಾಗಗಳ ಹೆಸರನ್ನು ಅದಲು ಬದಲು ಮಾಡಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೀಟೆಳೆದು ಅಂಕ ಕಳೆದೆ.

ಮರುದಿನ ಆಕೆ ತಂದೆಯ ಫೋನನ್ನು ಚೀಲದಲ್ಲಿಟ್ಟುಕೊಂಡು ಬಂದಳು. “ಸರ್, ನೀವು ಕಳಿಸಿದ ಚಿತ್ರದಲ್ಲಿ ಹೀಗೆಯೇ ಉಂಟು” ಎಂದು ತೋರಿಸಿದಳು. ನೋಡಿದೆ. ಮಸುಕಾದ ಆ ಚಿತ್ರದಲ್ಲಿ ‘ಧ’ದ ಕೆಳಗಿನ ಪುಟ್ಟ ಗೀಟು ಅಳಿಸಿಹೋಗಿತ್ತು. ‘ಭ’ದ ಗೀಟೂ ಇರಲಿಲ್ಲ. ಬಾಣದ ತುದಿ ಎಲ್ಲಿ ಮುಟ್ಟುತ್ತದೆ ಎಂದು ತಿಳಿಯುತ್ತಿರಲಿಲ್ಲ. “ಪಠ್ಯಪುಸ್ತಕದಲ್ಲಿಯೂ ಚಿತ್ರ ಇದೆಯಲ್ಲಮ್ಮ?” ಎಂದು ಕೇಳಿದೆ. “ನಿಮ್ಮ ಪಾಠದಲ್ಲಿ ಬೇಗ ಅರ್ಥ ಆಗ್ತದೆ ಸರ್, ಅದನ್ನೇ ನೋಡಿ ಕಲಿತೆ” ಎಂದಳು. ಆಕೆ ನೆಟ್‌ವರ್ಕ್ ಸಿಗಲೆಂದು ಮನೆಯ ಹಿಂದಿನ ಗುಡ್ಡ ಹತ್ತಿ ಕುಳಿತು ಅದನ್ನು ನೋಡಿದ್ದಳು. ತಪ್ಪು ಅವಳದಲ್ಲ, ನನ್ನದು. ಅಂಕವನ್ನು ಹಿಂದಕ್ಕೆ ಕೊಟ್ಟೆ. ಆದರೆ ಅದೇ ಪಾಠವನ್ನು ನೋಡಿ ಕಲಿತ ಉಳಿದ ಮಕ್ಕಳಲ್ಲಿ ಎಷ್ಟು ಮಂದಿ ಫೋನು ತಂದು ತೋರಿಸಿದರು? ಒಬ್ಬರೂ ಇಲ್ಲ.

ಆತ್ಮೀಯರೇ, ನಮ್ಮ ಲಿಪಿಗಳ ಸ್ವಭಾವ ಇಲ್ಲಿ ಮುಖ್ಯ. ಕನ್ನಡದಲ್ಲಿ ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ಮುಖ್ಯ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಉರ್ದುವಿನಲ್ಲಂತೂ ಚುಕ್ಕೆಯೇ ಅಕ್ಷರ. ಕೆಳಗೆ ಒಂದು ಚುಕ್ಕೆ ಇದ್ದರೆ ಬೇ, ಮೇಲೆ ಎರಡಿದ್ದರೆ ತೇ, ಮೇಲೆ ಮೂರಿದ್ದರೆ ಸೇ, ಕೆಳಗೆ ಮೂರಿದ್ದರೆ ಪೇ. ಮಸುಕಾದ ಚಿತ್ರದಲ್ಲಿ ಎರಡು ಚುಕ್ಕೆ ಯಾವುದು, ಮೂರು ಯಾವುದು? ಭಾಷೆ ಚೆನ್ನಾಗಿ ಬಲ್ಲವರು ಅಂದಾಜಿನಲ್ಲಿ ಓದಿಬಿಡುತ್ತಾರೆ. ಈಗ ತಾನೇ ಕಲಿಯುತ್ತಿರುವ ಮಗುವಿಗೆ ಅಂದಾಜು ಎಲ್ಲಿಂದ ಬರಬೇಕು? ಅದು ಕಂಡದ್ದನ್ನೇ ಕಲಿಯುತ್ತದೆ.

ಹಾಗಾದರೆ ಚಿತ್ರ ಎಲ್ಲಿ ಕೆಡುತ್ತದೆ? ನಾನು ಆ ಹೃದಯದ ಚಿತ್ರದ ಜಾಡು ಹಿಡಿದು ಹಿಂದಕ್ಕೆ ಹೋದೆ. ಒಂದು ಚಿತ್ರ ನಮ್ಮ ಕೈಯಿಂದ ವಿದ್ಯಾರ್ಥಿಯ ಕಣ್ಣಿಗೆ ತಲಪುವುದರೊಳಗೆ ಐದು ಬಾಗಿಲುಗಳನ್ನು ದಾಟುತ್ತದೆ. ಪ್ರತಿ ಬಾಗಿಲಲ್ಲಿಯೂ ಸ್ವಲ್ಪ ಸುಂಕ ಕಟ್ಟುತ್ತದೆ. ನನ್ನ ಚಿತ್ರ ಐದೂ ಕಡೆ ಕಟ್ಟಿತ್ತು.

ಮೊದಲನೆಯ ಬಾಗಿಲು ಮೂಲ ಚಿತ್ರ. ಕಂಪ್ಯೂಟರಿನ ಚಿತ್ರ ಎಂದರೆ ಬಣ್ಣದ ಚುಕ್ಕೆಗಳ ಸಾಲು. ಈ ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ. ನಾನು ಅಂತರ್ಜಾಲದಲ್ಲಿ ಹುಡುಕಿ ತೆಗೆದದ್ದು 300 ಪಿಕ್ಸೆಲ್ ಅಗಲದ ಚಿಕ್ಕ ಚಿತ್ರ. ಪಾಠದ ಪುಟದಲ್ಲಿ ಅದನ್ನು ಮೂಲೆ ಹಿಡಿದು ಎಳೆದು 900 ಪಿಕ್ಸೆಲ್ ಅಗಲ ಮಾಡಿದೆ. ಅಗಲ ಮೂರು ಪಟ್ಟು, ಎತ್ತರವೂ ಮೂರು ಪಟ್ಟು. ಅಂದರೆ ಒಂದು ಚುಕ್ಕೆ ಇದ್ದ ಜಾಗದಲ್ಲಿ ಈಗ ಒಂಬತ್ತು ಚುಕ್ಕೆ ಬೇಕು. ಇರುವುದು ಒಂದೇ. ಉಳಿದ ಎಂಟನ್ನು ಕಂಪ್ಯೂಟರು ಊಹಿಸಿ ತುಂಬಿಸುತ್ತದೆ. ಆ ಊಹೆಯೇ ಮಸುಕು. ಇಲ್ಲದ ವಿವರವನ್ನು ಎಳೆದು ತರಲು ಬರುವುದಿಲ್ಲ. ಆದ್ದರಿಂದ ಪಾಠದ ಪುಟದಲ್ಲಿ ಚಿತ್ರಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಅಥವಾ ಅದಕ್ಕಿಂತ ತುಸು ದೊಡ್ಡ ಮೂಲ ಚಿತ್ರವನ್ನೇ ಹುಡುಕಿ. ದೊಡ್ಡದನ್ನು ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡಬೇಡಿ. ಚಿತ್ರದ ಗುಣವಿವರದಲ್ಲಿ 72 ಅಥವಾ 300 ಡಿಪಿಐ ಎಂದು ಬರೆದಿರುವುದನ್ನು ನೋಡಿ ಗೊಂದಲಪಡಬೇಡಿ. ಅದು ಮುದ್ರಣದ ಲೆಕ್ಕ. ಪರದೆಗೆ ಬೇಕಾದದ್ದು ಒಟ್ಟು ಪಿಕ್ಸೆಲ್ ಎಷ್ಟು ಎಂಬುದು ಮಾತ್ರ.

ರೇಖಾಚಿತ್ರಗಳಿಗೆ ಇನ್ನೂ ಒಳ್ಳೆಯ ದಾರಿಯಿದೆ. ಎಸ್‌ವಿಜಿ ಎಂಬ ಬಗೆಯ ಕಡತದಲ್ಲಿ ಚುಕ್ಕೆಗಳಿರುವುದಿಲ್ಲ, ಗೆರೆ ಹೇಗೆ ಎಳೆಯಬೇಕು ಎಂಬ ಸೂಚನೆ ಇರುತ್ತದೆ. ಅದನ್ನು ಎಷ್ಟು ಹಿಗ್ಗಿಸಿದರೂ ಕೆಡುವುದಿಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ವಿಜ್ಞಾನದ ಸಾವಿರಾರು ಚಿತ್ರಗಳು ಈ ರೂಪದಲ್ಲಿ ಸಿಗುತ್ತವೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದು ಇಂಗ್ಲಿಷ್ ಹೆಸರುಗಳನ್ನು ತೆಗೆದು ಕನ್ನಡದಲ್ಲಿ ಬರೆಯಬಹುದು. ಚಿತ್ರಕಲೆಯಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳೇ, ಇದು ನಿಮ್ಮ ಕೆಲಸ.

ಎರಡನೆಯ ಬಾಗಿಲು ವಾಟ್ಸಾಪ್. ಆ ಚಿತ್ರವನ್ನು ಫೋನಿನಿಂದ ಲ್ಯಾಪ್‌ಟಾಪಿಗೆ ತರಲು ನಾನು ನನಗೇ ವಾಟ್ಸಾಪ್ ಮಾಡಿಕೊಂಡಿದ್ದೆ. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. 2023ರಲ್ಲಿ ಎಚ್‌ಡಿ ಎಂಬ ಆಯ್ಕೆ ಬಂದಿದ್ದರೂ ಅದರಲ್ಲಿಯೂ ಮೂಲ ಚಿತ್ರ ಪೂರ್ತಿ ಉಳಿಯುವುದಿಲ್ಲ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲ ಕಡತವೇ ಹೋಗುತ್ತದೆ. ಯುಎಸ್‌ಬಿ ಕೇಬಲ್ ಇದ್ದರೆ ಅದೇ ಉತ್ತಮ. ಈ ಒಂದು ಮಾತನ್ನು ಮಾತ್ರ ನೆನಪಿಟ್ಟುಕೊಂಡು ಹೋದರೂ ನನ್ನ ಭಾಷಣ ಸಾರ್ಥಕ.

ಇಲ್ಲಿಯೇ ಕಡತದ ಬಗೆಯನ್ನೂ ಹೇಳಿಬಿಡುತ್ತೇನೆ. ಜೆಪಿಇಜಿ ಎಂಬುದು 1992ರಲ್ಲಿ ಬಂದ ವಿಧಾನ. ಅದು ಚಿತ್ರವನ್ನು 8 × 8 ಚುಕ್ಕೆಗಳ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಬಿಟ್ಟುಬಿಡುತ್ತದೆ. ನಮ್ಮ ಕಣ್ಣು ಬೆಳಕಿನ ಹೆಚ್ಚುಕಡಿಮೆಯನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲವಾದ್ದರಿಂದ ಬಣ್ಣದ ವಿವರವನ್ನು ಅದು ಸಾಮಾನ್ಯವಾಗಿ ಇನ್ನೂ ಕಡಿಮೆ ಇಟ್ಟುಕೊಳ್ಳುತ್ತದೆ. ಮರ, ಮುಖ, ಆಕಾಶದ ಫೋಟೋಗಳಿಗೆ ಇದು ಬಹಳ ಒಳ್ಳೆಯದು. ಆದರೆ ಬಿಳಿಯ ಮೇಲೆ ಕೆಂಪು ಅಕ್ಷರ ಬರೆದರೆ ಅಂಚು ಹರಡಿಕೊಳ್ಳುತ್ತದೆ. ಅಲ್ಲದೆ ಜೆಪಿಇಜಿಯನ್ನು ತೆರೆದು, ತಿದ್ದಿ, ಉಳಿಸಿದಷ್ಟು ಸಲವೂ ಮತ್ತಷ್ಟು ಕಳೆದುಹೋಗುತ್ತದೆ, ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. 1996ರಲ್ಲಿ ಬಂದ ಪಿಎನ್‌ಜಿ ವಿಧಾನದಲ್ಲಿ ಈ ನಷ್ಟವಿಲ್ಲ. ಆದ್ದರಿಂದ ಫೋಟೋಗೆ ಜೆಪಿಇಜಿ. ನಕ್ಷೆ, ಕೋಷ್ಟಕ, ಕಂಪ್ಯೂಟರ್ ಪರದೆಯ ಚಿತ್ರ, ಅಕ್ಷರಗಳಿರುವ ಚಿತ್ರಕ್ಕೆ ಪಿಎನ್‌ಜಿ. ಒಮ್ಮೆ ಜೆಪಿಇಜಿಯಲ್ಲಿ ಕೆಟ್ಟದ್ದನ್ನು ಪಿಎನ್‌ಜಿಯಾಗಿ ಉಳಿಸಿದರೆ ಕಳೆದದ್ದು ಮರಳಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಮೂರನೆಯ ಬಾಗಿಲು ಪವರ್‌ಪಾಯಿಂಟ್. ನಮ್ಮಲ್ಲಿ ಹೆಚ್ಚಿನ ಶಿಕ್ಷಕರು ಮೊದಲು ಅದರಲ್ಲಿಯೇ ಪುಟ ಮಾಡಿ, ಆಮೇಲೆ ಐಸ್ಪ್ರಿಂಗ್, ಸ್ಟೋರಿಲೈನ್ ಅಥವಾ ಕ್ಯಾಪ್ಟಿವೇಟ್ ತಂತ್ರಾಂಶಕ್ಕೆ ತರುತ್ತಾರೆ. ಕಡತವನ್ನು ಉಳಿಸುವಾಗ ಪವರ್‌ಪಾಯಿಂಟ್ ತಾನಾಗಿಯೇ ಚಿತ್ರಗಳನ್ನು ಹಿಂಡುತ್ತದೆ. ಇದನ್ನು ನಿಲ್ಲಿಸಬಹುದು. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂಬಲ್ಲಿಗೆ ಹೋಗಿ, ಚಿತ್ರದ ಗಾತ್ರ ಮತ್ತು ಗುಣಮಟ್ಟ ಎಂಬ ಭಾಗದಲ್ಲಿ ‘ಚಿತ್ರಗಳನ್ನು ಹಿಂಡಬೇಡ’ ಎಂಬರ್ಥದ ಚೌಕಕ್ಕೆ ಗುರುತು ಹಾಕಿ. ಆದರೆ ಇದನ್ನು ಚಿತ್ರ ಸೇರಿಸುವ ಮೊದಲೇ ಮಾಡಬೇಕು. ಹಿಂಡಿ ಉಳಿಸಿದ ಮೇಲೆ ಗುರುತು ಹಾಕಿ ಪ್ರಯೋಜನವಿಲ್ಲ.

ನಾಲ್ಕನೆಯ ಬಾಗಿಲು ಪಾಠ ತಯಾರಿಸುವ ತಂತ್ರಾಂಶದ್ದು. ಇಲ್ಲಿ ಎರಡು ಕಡೆ ಗಮನ ಕೊಡಬೇಕು. ಒಂದು, ಪಾಠದ ಪುಟದ ಅಳತೆ. ಸ್ಟೋರಿಲೈನ್‌ನಲ್ಲಿ ಬಹಳ ಕಾಲ ತಾನಾಗಿ ಬರುತ್ತಿದ್ದ ಅಳತೆ 720 × 540. ಈಗಿನ ಪರದೆಗಳಿಗೆ ಅದು ಚಿಕ್ಕದು. ಕೆಲಸ ಆರಂಭಿಸುವ ಮೊದಲೇ 1280 × 720 ಮಾಡಿಕೊಂಡರೆ ಒಳ್ಳೆಯದು. ಪಾಠವೆಲ್ಲ ಮುಗಿದ ಮೇಲೆ ಅಳತೆ ಬದಲಿಸಲು ಹೋದರೆ ಪ್ರತಿ ಚಿತ್ರವೂ ಎಳೆದಾಡಿ ಕೆಡುತ್ತದೆ. ಎರಡು, ಪಾಠವನ್ನು ಪ್ರಕಟಿಸುವ ಕಿಟಕಿಯಲ್ಲಿ ಗುಣಮಟ್ಟ ಎಂಬ ಸಾಲು ಇರುತ್ತದೆ. ನಾವ್ಯಾರೂ ಅದನ್ನು ಮುಟ್ಟುವುದೇ ಇಲ್ಲ. ಅಲ್ಲಿ ಕಸ್ಟಮ್ ಎಂದು ಆರಿಸಿದರೆ ಚಿತ್ರದ ಗುಣಮಟ್ಟವನ್ನು ಏರಿಸುವ ಪಟ್ಟಿ ಸಿಗುತ್ತದೆ. ಅಕ್ಷರ ಮತ್ತು ರೇಖೆಗಳಿರುವ ಪಾಠಕ್ಕೆ ಅದನ್ನು 90ರ ಮೇಲಕ್ಕೆ ಏರಿಸಿ ನೋಡಿ.

ಐದನೆಯ ಬಾಗಿಲು ಪರದೆ. ಎಲ್ಲ ಸರಿಯಿದ್ದೂ ಬ್ರೌಸರಿನಲ್ಲಿ ಮಸುಕು ಕಂಡರೆ ಮೊದಲು ಬ್ರೌಸರಿನ ಹಿಗ್ಗುವಿಕೆ 100ರಲ್ಲಿ ಇದೆಯೇ ನೋಡಿ. ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಪರದೆಯನ್ನು 125 ಅಥವಾ 150 ಶೇಕಡಾ ಹಿಗ್ಗಿಸಿ ತೋರಿಸುವುದು ಸಾಮಾನ್ಯ. ಪಾಠ ತಯಾರಿಸುವಾಗ, ಅದರಲ್ಲಿಯೂ ಪರದೆಯ ಚಿತ್ರ ತೆಗೆಯುವಾಗ, ಇದನ್ನು 100ಕ್ಕೆ ತನ್ನಿ. ಪಾಠವನ್ನು ಪರದೆ ತುಂಬ ಹಿಗ್ಗಿಸಿ ತೋರಿಸುವ ಆಯ್ಕೆಯೂ ತಂತ್ರಾಂಶದಲ್ಲಿ ಇರುತ್ತದೆ. ಚಿತ್ರಗಳು ಚಿಕ್ಕವಾಗಿದ್ದರೆ ಅದನ್ನು ಬಳಸದೆ ನಿಗದಿತ ಅಳತೆಯಲ್ಲಿಯೇ ನಿಲ್ಲಿಸಿ.

ಇಷ್ಟು ಕೇಳಿದ ಮೇಲೆ ಕೆಲವರು ಎಲ್ಲ ಚಿತ್ರಗಳನ್ನೂ ಅತಿ ದೊಡ್ಡದಾಗಿಯೇ ಇಡೋಣ ಎಂದುಕೊಳ್ಳಬಹುದು. ಅದು ಇನ್ನೊಂದು ತಪ್ಪು. ನಾನು ಎರಡನೆಯ ಸಲ ಅದನ್ನೇ ಮಾಡಿದೆ. ಈಗಿನ ಫೋನಿನಲ್ಲಿ 12 ಮೆಗಾಪಿಕ್ಸೆಲ್ ಫೋಟೋ ತೆಗೆದರೆ ಅದು 4000 × 3000 ಚುಕ್ಕೆ. ತೂಕ ಸುಮಾರು 4 ಎಂಬಿ. ಅಂತಹ 40 ಚಿತ್ರ ಹಾಕಿದರೆ ಪಾಠ 160 ಎಂಬಿ ಆಗುತ್ತದೆ. ಗುಡ್ಡ ಹತ್ತಿ ಕುಳಿತ ಹುಡುಗಿ ಅದನ್ನು ಇಳಿಸಿಕೊಳ್ಳುವುದೆಂತು? ಮನೆಗೆ ಒಂದೇ ಫೋನು, ಅದರಲ್ಲಿ ದಿನಕ್ಕೆ ಇಷ್ಟೇ ಡೇಟಾ. ಅಣ್ಣನಿಗೂ ಕ್ಲಾಸಿದೆ, ತಮ್ಮನಿಗೂ ಕ್ಲಾಸಿದೆ. ಅದೇ ಫೋಟೋಗಳನ್ನು 1280 ಪಿಕ್ಸೆಲ್ ಅಗಲಕ್ಕೆ ಇಳಿಸಿ ಮಧ್ಯಮ ಗುಣಮಟ್ಟದಲ್ಲಿ ಉಳಿಸಿದರೆ ತಲಾ 200 ಕೆಬಿ ಆಸುಪಾಸಿಗೆ ಬರುತ್ತವೆ. 40 ಚಿತ್ರಕ್ಕೆ 8 ಎಂಬಿ. ಫೋನಿನ ಪರದೆಯಲ್ಲಿ ವ್ಯತ್ಯಾಸ ಕಾಣುವುದೂ ಇಲ್ಲ. ಮೂಲ ಚಿತ್ರವನ್ನು ನಮ್ಮ ಬಳಿ ಜೋಪಾನವಾಗಿಟ್ಟು, ಪಾಠಕ್ಕೆ ಅಳತೆಗೆ ಕತ್ತರಿಸಿದ ಪ್ರತಿಯನ್ನು ಹಾಕಬೇಕು. ಟೈಲರು ಇಡೀ ಬಟ್ಟೆಯ ತಾನನ್ನು ಅಂಗಿಗೆ ಹೊಲಿಯುವುದಿಲ್ಲವಷ್ಟೆ.

ಇನ್ನೊಂದು ಮುಖ್ಯ ಮಾತು. ಅಕ್ಷರಗಳನ್ನು ಚಿತ್ರವಾಗಿಸಬೇಡಿ. ನಾವು ಯಾಕೆ ಹಾಗೆ ಮಾಡುತ್ತೇವೆ ಎಂದು ನನಗೆ ಗೊತ್ತು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಾಠ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಇನ್‌ಪೇಜಿನಲ್ಲಿ ಬರೆದ ಉರ್ದುವೂ ಬೇರೆಡೆ ಹಾಕಿದರೆ ಚೆಲ್ಲಾಪಿಲ್ಲಿ. ಹಾಗಾಗಿ ಪುಟವನ್ನೇ ಚಿತ್ರ ಮಾಡಿ ಅಂಟಿಸುವ ಅಭ್ಯಾಸ ಬೆಳೆಯಿತು. ಈಗ ಅದರ ಅಗತ್ಯವಿಲ್ಲ. ಯೂನಿಕೋಡಿನಲ್ಲಿ ಬರೆದರೆ ಎಲ್ಲ ಫೋನುಗಳಲ್ಲಿಯೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡ, ನೋಟೋ ನಸ್ತಾಲಿಕ್ ಉರ್ದು ಮುಂತಾದ ಫಾಂಟುಗಳು ಉಚಿತವಾಗಿವೆ. ಚಿತ್ರದಲ್ಲಿ ಬಾಣ ಮಾತ್ರ ಇರಲಿ. ಹೆಸರನ್ನು ಪಾಠದ ತಂತ್ರಾಂಶದಲ್ಲಿಯೇ ಯೂನಿಕೋಡಿನಲ್ಲಿ ಟೈಪ್ ಮಾಡಿ ಮೇಲೆ ಇಡಿ. ಆಗ ‘ಧ’ದ ಗೀಟು ಎಂದೂ ಅಳಿಯುವುದಿಲ್ಲ. ಅಷ್ಟೇ ಅಲ್ಲ, ಕಣ್ಣು ಕಾಣದ ವಿದ್ಯಾರ್ಥಿಗಳು ಪರದೆಯನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕಲಿಯುತ್ತಾರೆ. ಆ ತಂತ್ರಾಂಶಗಳು ಟೈಪ್ ಮಾಡಿದ ಅಕ್ಷರವನ್ನು ನೇರವಾಗಿ ಓದುತ್ತವೆ. ಚಿತ್ರದೊಳಗಿನ ಅಕ್ಷರದ ಬಗ್ಗೆ ಆ ಭರವಸೆಯಿಲ್ಲ. ಪ್ರತಿ ಚಿತ್ರಕ್ಕೂ ಅದರಲ್ಲಿ ಏನಿದೆ ಎಂದು ಒಂದು ಸಾಲು ವಿವರಣೆ ಬರೆಯುವ ಜಾಗ ಎಲ್ಲ ತಂತ್ರಾಂಶಗಳಲ್ಲಿಯೂ ಇದೆ. ದಯವಿಟ್ಟು ಅದನ್ನು ಖಾಲಿ ಬಿಡಬೇಡಿ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಪಾಠ ಹಂಚುವುದು ಎಂದರೆ ಏನು? ವಿದ್ಯಾರ್ಥಿಗೆ ಕೊಡುವುದು ಬೇರೆ, ಸಹಶಿಕ್ಷಕರಿಗೆ ಕೊಡುವುದು ಬೇರೆ. ವಿದ್ಯಾರ್ಥಿಗೆ ಬೇಕಾದದ್ದು ಬೇಯಿಸಿದ ಅನ್ನ. ಸಹಶಿಕ್ಷಕರಿಗೆ ಬೇಕಾದದ್ದು ಅಕ್ಕಿ. ಅವರು ತಮ್ಮ ತರಗತಿಗೆ ತಕ್ಕಂತೆ ಬೇಯಿಸಿಕೊಳ್ಳುತ್ತಾರೆ. ನಾವು ಸಾಮಾನ್ಯವಾಗಿ ಅದಲು ಬದಲು ಮಾಡುತ್ತೇವೆ. ಮಕ್ಕಳಿಗೆ ಸ್ಟೋರಿಲೈನಿನ ಮೂಲ ಕಡತ ಕಳಿಸುತ್ತೇವೆ. ಅವರ ಫೋನಿನಲ್ಲಿ ಅದು ತೆರೆಯುವುದಿಲ್ಲ. ಸಹೋದ್ಯೋಗಿಗೆ ಪ್ರಕಟಿಸಿದ ಪಾಠ ಕಳಿಸುತ್ತೇವೆ. ಅದರಲ್ಲಿ ಒಂದು ಅಕ್ಷರವನ್ನೂ ಅವರು ತಿದ್ದಲಾರರು.

ವಿದ್ಯಾರ್ಥಿಗಳಿಗೆ ಪಾಠ ಮುಟ್ಟಿಸಲು ಕಲಿಕಾ ನಿರ್ವಹಣಾ ವ್ಯವಸ್ಥೆ ಬೇಕು. ಆಸ್ಟ್ರೇಲಿಯಾದ ಮಾರ್ಟಿನ್ ಡೂಜಿಯಾಮಸ್ 2002ರಲ್ಲಿ ಹೊರತಂದ ಮೂಡಲ್ ಇಂತಹ ಒಂದು ವ್ಯವಸ್ಥೆ. ಅದು ಮುಕ್ತ ತಂತ್ರಾಂಶ, ಪರವಾನಗಿಗೆ ಹಣ ಕೊಡಬೇಕಾಗಿಲ್ಲ. ಯಾವುದೇ ತಂತ್ರಾಂಶದಲ್ಲಿ ತಯಾರಿಸಿದ ಪಾಠ ಯಾವುದೇ ವ್ಯವಸ್ಥೆಯಲ್ಲಿ ಓಡಬೇಕಾದರೆ ಇಬ್ಬರಿಗೂ ಒಂದು ಸಾಮಾನ್ಯ ಭಾಷೆ ಬೇಕಲ್ಲ? ಯಾವ ಕಂಪೆನಿಯ ಇಸ್ತ್ರಿಪೆಟ್ಟಿಗೆಯಾದರೂ ನಮ್ಮ ಮನೆಯ ಪ್ಲಗ್ಗಿಗೆ ಹೊಂದುವ ಹಾಗೆ. ಅಮೆರಿಕದ ರಕ್ಷಣಾ ಇಲಾಖೆ 1997ರಲ್ಲಿ ಆರಂಭಿಸಿದ ಯೋಜನೆಯಿಂದ ಇಂತಹ ಒಂದು ಮಾನದಂಡ ಹುಟ್ಟಿತು. ಅದರ ಹೆಸರು ಸ್ಕಾರ್ಮ್. 2001ರ ಸ್ಕಾರ್ಮ್ 1.2 ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. 2013ರಲ್ಲಿ ಎಕ್ಸ್‌ಎಪಿಐ ಎಂಬ ಹೊಸ ಮಾನದಂಡವೂ ಬಂದಿದೆ. ಆದರೆ ನಮ್ಮಂತಹ ಶಾಲೆಗಳಿಗೆ ಸ್ಕಾರ್ಮ್ 1.2 ಸಾಕು.

ಸ್ಕಾರ್ಮ್ ಪಾಠ ಒಂದು ಜಿಪ್ ಕಡತ. ಅದನ್ನು ಏರಿಸುವಾಗ ಆಗುವ ನಾಲ್ಕು ತಪ್ಪುಗಳನ್ನು ಹೇಳುತ್ತೇನೆ. ನಾಲ್ಕನ್ನೂ ನಾನೇ ಮಾಡಿದ್ದೇನೆ.

ಮೊದಲನೆಯದು, ಜಿಪ್ ಮಾಡುವ ರೀತಿ. ಕಡತದೊಳಗೆ ‘ಐಎಂಎಸ್ ಮ್ಯಾನಿಫೆಸ್ಟ್’ ಎಂಬ ಒಂದು ಪಟ್ಟಿ ಇರುತ್ತದೆ. ಪಾಠದಲ್ಲಿ ಏನೇನಿದೆ ಎಂದು ವ್ಯವಸ್ಥೆ ತಿಳಿಯುವುದು ಅದರಿಂದ. ಅದು ಜಿಪ್ ತೆರೆದ ಕೂಡಲೇ ಮೇಲೆಯೇ ಸಿಗಬೇಕು. ನಾವು ಇಡೀ ಫೋಲ್ಡರನ್ನು ಜಿಪ್ ಮಾಡಿದರೆ ಪಟ್ಟಿ ಒಂದು ಮೆಟ್ಟಿಲು ಒಳಗೆ ಹೋಗಿಬಿಡುತ್ತದೆ. ವ್ಯವಸ್ಥೆ ಪಾಠವನ್ನು ತಿರಸ್ಕರಿಸುತ್ತದೆ. ಫೋಲ್ಡರನ್ನು ತೆರೆದು, ಒಳಗಿರುವುದೆಲ್ಲವನ್ನೂ ಆರಿಸಿ ಜಿಪ್ ಮಾಡಬೇಕು. ತಂತ್ರಾಂಶದಲ್ಲಿಯೇ ಜಿಪ್ ಮಾಡುವ ಗುಂಡಿ ಇದ್ದರೆ ಅದನ್ನೇ ಒತ್ತಿ.

ಎರಡನೆಯದು, ಕಡತಗಳ ಹೆಸರು. ನಮ್ಮ ವಿಂಡೋಸ್ ಕಂಪ್ಯೂಟರಿಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಸರ್ವರುಗಳು ಹೆಚ್ಚಾಗಿ ಲಿನಕ್ಸಿನಲ್ಲಿ ಓಡುತ್ತವೆ. ಅಲ್ಲಿ ಎರಡೂ ಬೇರೆ. ಮನೆಯಲ್ಲಿ ಕಂಡ ಚಿತ್ರ ಸರ್ವರಿನಲ್ಲಿ ಕಾಣದಿದ್ದರೆ ಅನೇಕ ಸಲ ಕಾರಣ ಇದೇ. ಹೆಸರುಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ, ಚಿಕ್ಕದಾಗಿರಲಿ.

ಮೂರನೆಯದು, ಗಾತ್ರದ ಮಿತಿ. ಮೂಡಲ್ ಕೆಲಸ ಮಾಡುವುದು ಪಿಎಚ್‌ಪಿ ಎಂಬ ಭಾಷೆಯ ಮೇಲೆ. ಅದರಲ್ಲಿ ಏರಿಸುವ ಕಡತಕ್ಕೆ ಮೊದಲೇ ಇಟ್ಟಿರುವ ಮಿತಿ ಕೇವಲ 2 ಎಂಬಿ. ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಅದನ್ನು ಹೆಚ್ಚಿಸಿಕೊಳ್ಳಬೇಕು.

ನಾಲ್ಕನೆಯದು, ಪಾಠದ ಉದ್ದ. ವಿದ್ಯಾರ್ಥಿ ಅರ್ಧಕ್ಕೆ ಬಿಟ್ಟು ಹೋದರೆ ಮತ್ತೆ ಅಲ್ಲಿಂದಲೇ ಆರಂಭಿಸಲು ವ್ಯವಸ್ಥೆ ಒಂದು ಟಿಪ್ಪಣಿ ಇಟ್ಟುಕೊಳ್ಳುತ್ತದೆ. ಸ್ಕಾರ್ಮ್ 1.2ರಲ್ಲಿ ಆ ಟಿಪ್ಪಣಿಗೆ 4096 ಅಕ್ಷರಗಳ ಮಿತಿ ಇದೆ. ನೂರಾರು ಪುಟಗಳ, ಹತ್ತಾರು ಪ್ರಶ್ನೆಗಳ ಪಾಠ ಮಾಡಿದರೆ ಮಿತಿ ತುಂಬಿ, ಮಗು ಪುನಃ ಮೊದಲಿನಿಂದ ಆರಂಭಿಸಬೇಕಾಗಬಹುದು. ದೊಡ್ಡ ಅಧ್ಯಾಯವನ್ನು ನಾಲ್ಕೈದು ಚಿಕ್ಕ ಪಾಠಗಳಾಗಿ ಒಡೆಯಿರಿ. ಡೇಟಾಕ್ಕೂ ಅದೇ ಅನುಕೂಲ.

ಇನ್ನು ಸಹಶಿಕ್ಷಕರಿಗೆ ಕೊಡುವ ವಿಚಾರ. ಮೂಲ ಕಡತ, ಬಳಸಿದ ಮೂಲ ಚಿತ್ರಗಳು, ಧ್ವನಿ, ಫಾಂಟು, ಇಷ್ಟನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು ಕೊಡಿ. ಹೊಸ ಆವೃತ್ತಿಯಲ್ಲಿ ಉಳಿಸಿದ್ದು ಹಳೆಯ ಆವೃತ್ತಿಯಲ್ಲಿ ತೆರೆಯದೆ ಇರಬಹುದು. ಯಾವ ಆವೃತ್ತಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಪೆನ್‌ಡ್ರೈವಿನಲ್ಲಿಯೇ ಕಡತ ತೆರೆದು ಕೆಲಸ ಮಾಡಬೇಡಿ. ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ನಕಲಿಸಿಕೊಂಡು ಕೆಲಸ ಮಾಡಿ, ಮುಗಿದ ಮೇಲೆ ಪೆನ್‌ಡ್ರೈವಿಗೆ ಹಾಕಿ. ಇಲ್ಲದಿದ್ದರೆ ಕಡತವೇ ಕೆಟ್ಟು ತೆರೆಯದಂತಾಗಬಹುದು.

ದುಬಾರಿ ತಂತ್ರಾಂಶಗಳ ವಾರ್ಷಿಕ ಚಂದಾ ಸಣ್ಣ ಶಾಲೆಗಳ ಕೈಗೆ ಎಟಕುವಂತಹದ್ದಲ್ಲ. ನಾನು ಸ್ಟೋರಿಲೈನಿನಲ್ಲಿ ಮಾಡಿ ಕೊಟ್ಟರೆ ತಿದ್ದಲು ಅವರೂ ಅದನ್ನೇ ಕೊಳ್ಳಬೇಕು. ಹಂಚಿಕೊಳ್ಳಬೇಕೆಂಬ ಉದ್ದೇಶವಿದ್ದರೆ ನಾರ್ವೆಯಲ್ಲಿ ಹುಟ್ಟಿದ ಎಚ್5ಪಿ ಎಂಬ ಉಚಿತ ಸಾಧನವನ್ನು ನೋಡಿ. ಮೂಡಲ್‌ನಲ್ಲಿಯೂ ವರ್ಡ್‌ಪ್ರೆಸ್‌ನಲ್ಲಿಯೂ ಅದು ಕೆಲಸ ಮಾಡುತ್ತದೆ. ಒಬ್ಬರು ಮಾಡಿದ ಪಾಠವನ್ನು ಇನ್ನೊಬ್ಬರು ಒಂದೇ ಕಡತವಾಗಿ ಇಳಿಸಿಕೊಂಡು ತಿದ್ದಿ ಬಳಸಬಹುದು. ಅಲ್ಲಿ ಅನ್ನ, ಅಕ್ಕಿ ಎರಡೂ ಒಂದೇ ಪಾತ್ರೆಯಲ್ಲಿವೆ.

ಹಂಚುವ ಮೊದಲು ಎರಡು ಎಚ್ಚರಿಕೆ. ಒಂದು, ಮಕ್ಕಳ ಖಾಸಗಿತನ. ಮೂಡಲ್ ಪಾಠವನ್ನು ಬ್ಯಾಕಪ್ ಮಾಡಿ ಇನ್ನೊಂದು ಶಾಲೆಗೆ ಕೊಡುವಾಗ ಬಳಕೆದಾರರ ವಿವರ ಸೇರಿಸುವ ಗುರುತನ್ನು ತೆಗೆದುಬಿಡಿ. ಇಲ್ಲದಿದ್ದರೆ ನಿಮ್ಮ ವಿದ್ಯಾರ್ಥಿಗಳ ಹೆಸರು, ಅಂಕ ಎಲ್ಲವೂ ಜೊತೆಗೆ ಹೋಗುತ್ತವೆ. ಪವರ್‌ಪಾಯಿಂಟಿನಲ್ಲಿ ಚಿತ್ರದ ಅಂಚನ್ನು ಕತ್ತರಿಸಿದರೆ ಆ ಭಾಗ ಮರೆಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಅಂಕಪಟ್ಟಿಯೊಂದರಲ್ಲಿ ಹೆಸರು ಕಾಣದಂತೆ ಕತ್ತರಿಸಿ ಹಾಕಿದರೆ, ಪಡೆದವರು ಅದನ್ನು ಮರಳಿ ತೆರೆದು ನೋಡಬಹುದು. ಕತ್ತರಿಸಿದ ಭಾಗವನ್ನು ಅಳಿಸುವ ಆಯ್ಕೆಯನ್ನೂ ಒತ್ತಬೇಕು.

ಎರಡು, ಇನ್ನೊಬ್ಬರ ಹಕ್ಕು. ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಬೋಧನೆಯ ಸಂದರ್ಭದಲ್ಲಿ ಶಿಕ್ಷಕ-ವಿದ್ಯಾರ್ಥಿಗಳ ಬಳಕೆಗೆ ವಿನಾಯಿತಿ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ತರಗತಿಯ ಬಳಕೆ ಬೇರೆ, ಲೋಕಕ್ಕೆಲ್ಲ ಹಂಚುವುದು ಬೇರೆ. ಹಂಚುವ ಪಾಠಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳನ್ನೇ ಆರಿಸಿ, ಮಾಡಿದವರ ಹೆಸರನ್ನು ಪಾಠದ ಕೊನೆಯಲ್ಲಿ ಬರೆಯಿರಿ. ಬೇರೆಯವರ ಶ್ರಮವನ್ನು ನೆನೆಯುವುದು ಕಾನೂನಿಗಾಗಿ ಮಾತ್ರ ಅಲ್ಲ, ಮಕ್ಕಳು ನಮ್ಮನ್ನು ನೋಡಿ ಕಲಿಯುತ್ತಾರೆ ಎಂಬುದಕ್ಕಾಗಿಯೂ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಹಿಂದೆ ಇ-ಪಾಠಗಳಲ್ಲಿ ಬಹುಪಾಲು ಫ್ಲಾಶ್‌ನಲ್ಲಿ ತಯಾರಾಗುತ್ತಿದ್ದವು. ಅಡೋಬಿ ಕಂಪೆನಿ 2020ರ ಡಿಸೆಂಬರ್ 31ಕ್ಕೆ ಫ್ಲಾಶ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲಾಶ್ ಪಾಠಗಳು ಓಡದಂತೆ ತಡೆಯಿತು. ವರ್ಷಗಟ್ಟಲೆ ಶ್ರಮಪಟ್ಟು ಮಾಡಿದ ನನ್ನ ಹತ್ತಾರು ಪಾಠಗಳ ಸಿಡಿಗಳು ಈಗ ಮನೆಯ ತೋಟದಲ್ಲಿ ಹಕ್ಕಿ ಓಡಿಸಲು ನೇತಾಡುತ್ತಿವೆ. ಮೂಲ ಕಡತಗಳನ್ನು ಉಳಿಸಿಕೊಂಡಿದ್ದ ಎರಡು ಪಾಠಗಳನ್ನು ಮಾತ್ರ ಹೊಸ ರೂಪದಲ್ಲಿ ಮತ್ತೆ ಪ್ರಕಟಿಸಲು ಸಾಧ್ಯವಾಯಿತು. ಪಾಠ ಉಳಿಯಬೇಕಾದರೆ ಮೂಲ ಉಳಿಯಬೇಕು, ಮತ್ತು ಅದು ಒಬ್ಬನ ಬಳಿ ಮಾತ್ರ ಇರಬಾರದು.

ಆದ್ದರಿಂದ ಸಂಘದ ಮುಂದೆ ನನ್ನದು ಮೂರು ವಿನಂತಿ. ಒಂದು, ನಮ್ಮ ಶಾಲೆಗಳ ಶಿಕ್ಷಕರು ಮಾಡಿದ ಪಾಠಗಳ ಮೂಲ ಕಡತಗಳನ್ನು ಒಂದೆಡೆ ಸಂಗ್ರಹಿಸಿ, ಕನಿಷ್ಠ ಎರಡು ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿ ಇಡುವ ವ್ಯವಸ್ಥೆ ಮಾಡೋಣ. ಎರಡು, ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಕಾಲೇಜು ವಿದ್ಯಾರ್ಥಿಗಳು ವರ್ಷಕ್ಕೆ ಒಂದು ಪಾಠವನ್ನಾದರೂ ಶಿಕ್ಷಕರ ಜೊತೆ ಕುಳಿತು ತಿದ್ದಿಕೊಡಲಿ. ನಿಮ್ಮಲ್ಲಿ ಹಲವರು ಈ ಸಂಘದ ವಿದ್ಯಾರ್ಥಿವೇತನದಿಂದ ಓದುತ್ತಿದ್ದೀರಿ. ಹಿಂದಕ್ಕೆ ಕೊಡಲು ಹಣವೇ ಬೇಕೆಂದಿಲ್ಲ. ಮೂರು, ಯಾವ ಪಾಠವನ್ನೂ ಮಕ್ಕಳಿಗೆ ಕಳಿಸುವ ಮೊದಲು ಅತ್ಯಂತ ಅಗ್ಗದ ಒಂದು ಫೋನಿನಲ್ಲಿ, ವೈಫೈ ಇಲ್ಲದ ಕಡೆ, ಒಮ್ಮೆ ತೆರೆದು ನೋಡೋಣ. ನಮ್ಮ ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ಚೆಂದ ಕಂಡರೆ ಸಾಲದು.

ಆ ಹುಡುಗಿಯ ಬಗ್ಗೆ ಕೇಳುವಿರಾದರೆ, ತಿದ್ದಿದ ಪಾಠವನ್ನು ನಾನು ಮೊದಲು ಕಳಿಸಿದ್ದು ಅವಳಿಗೇ. ಹದಿನೈದು ನಿಮಿಷ ಬಿಟ್ಟು ಉತ್ತರ ಬಂತು: “ಸರ್, ಈಗ ಸರಿ ಕಾಣ್ತದೆ. ಆದರೆ ನಾಲ್ಕನೇ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟಿದ್ದೀರಿ.” ನೋಡಿದರೆ ನಿಜ. ಅದು ಚಿತ್ರದ ತಪ್ಪಲ್ಲ, ಟೈಪ್ ಮಾಡಿದ ನನ್ನದೇ ತಪ್ಪು. ತಿದ್ದಿದೆ. ಅಂದಿನಿಂದ ನನ್ನ ಪ್ರತಿ ಪಾಠವನ್ನೂ ಪ್ರಕಟಿಸುವ ಮೊದಲು ಒಬ್ಬ ವಿದ್ಯಾರ್ಥಿಯಾದರೂ ಓದಿ ನೋಡುತ್ತಾರೆ. ನೀವೂ ಹಾಗೆ ಮಾಡಿ.